ಸೊಸೆ ಕುಡಿಯದ ಪುದೀನಾ ಚಹಾ

ಹೊಟ್ಟೆ ಹಗುರಾದಂತೆಲ್ಲ ಯಮನವ್ವನ ತಲೆಯಲ್ಲಿ ಹುಳ ಹೊಕ್ಕಿತು.

ಆ ಹೊಟ್ಟೆಯ ಸುದ್ದಿ ಮೂಡಲಗಿಯ ಅವರ ಓಣಿಗೆಲ್ಲ ಗೊತ್ತಿದ್ದದ್ದೇ. ಎರಡು ರೊಟ್ಟಿ ತಿಂದರೆ ಡೊಳ್ಳಿನಂತೆ ಉಬ್ಬುತ್ತಿತ್ತು. ತೇಗು ಶುರುವಾದರೆ ಆಚೆ ಮನೆಯ ಎಮ್ಮೆ ಕೂಡ ಮೇವು ಬಿಟ್ಟು ತಿರುಗಿ ನೋಡಬೇಕು. ಅಜಿವಾನ ಆಯಿತು, ಇಂಗು ಆಯಿತು, ಹರಕೆಯೂ ಆಯಿತು, ಊಹೂಂ. ಅಷ್ಟರಲ್ಲಿ ಸೊಸೆ ಸುಂದ್ರವ್ವ ಹುಕ್ಕೇರಿಯ ತವರಿನಲ್ಲಿ ಚೊಚ್ಚಲ ಬಾಣಂತನ ಮುಗಿಸಿ ಬಂದಳು. ಕಂಕುಳಲ್ಲಿ ಹೆಣ್ಣು ಕೂಸು, ಕೈಯಲ್ಲಿ ಒದ್ದೆ ಅರಿವೆಯೊಳಗೆ ಸುತ್ತಿದ ಒಂದಿಷ್ಟು ಬೇರು. ಬೇರನ್ನು ಬಚ್ಚಲ ನೀರು ಹರಿಯುವಲ್ಲಿ ನೆಟ್ಟಳು. ಪುದೀನಾ ಅಂತೆ! ಯಮನವ್ವನ ಮನೆಯ ಒಲೆ ಅಲ್ಲಿಯವರೆಗೆ ಆ ಸೊಪ್ಪಿನ ವಾಸನೆ ಕಂಡಿರಲಿಲ್ಲ.

ಮಗ ಗುರುಲಿಂಗಪ್ಪ ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ದುಡಿಯುತ್ತ ಅಲ್ಲೇ ಇರುತ್ತಿದ್ದ. ರಜೆಗೆ ಊರಿಗೆ ಬರುವಾಗ ಚಹಾ ಪುಡಿ ತರುತ್ತಿದ್ದ. ಆಗಿನ್ನೂ ಚಹಾ ಎಂದರೆ ಮಿಲ್ಲಿನವರ ಚಟ, ಇಲ್ಲವೇ ಜ್ವರ ಬಂದವರ ಔಷಧ. ಸುಂದ್ರವ್ವ ಆ ಪುಡಿಗೆ ಒಂದು ಹಿಡಿ ಪುದೀನಾ, ಒಂದು ಚೂರು ಬೆಲ್ಲ ಹಾಕಿ ಕುದಿಸಿ, ಅತ್ತೆಯ ಲಿಂಗಪೂಜೆ ಮುಗಿಯುತ್ತಲೇ ಮುಂದೆ ತಂದಿಟ್ಟಳು.

"ಹುಕ್ಕೇರ್ಯಾಗ ನಮ್ಮ ಬಾಜೂ ಮನಿ ಅಜ್ಜಿ ಇದನ್ನ ಕುಡದs ಹೊಟ್ಟಿ ನೆಟ್ಟಗ ಇಟ್ಕೊಂಡಾಳ್ರಿ, ಅತ್ತಿ. ನೀವೂ ಕುಡದು ನೋಡ್ರಿ."

ಯಮನವ್ವ ಕುಡಿದಳು. ಖರೆ ಹೇಳಬೇಕೆಂದರೆ ವಾರದೊಳಗೆ ಉಬ್ಬರ ಇಳಿಯಿತು, ತೇಗು ನಿಂತಿತು, ಮಧ್ಯಾಹ್ನ ಕಣ್ಣು ತುಂಬ ನಿದ್ದೆ. ಬೇರೆ ಯಾರಾದರೂ ಆಗಿದ್ದರೆ ಸೊಸೆಯ ಬೆನ್ನು ತಟ್ಟುತ್ತಿದ್ದರು. ಈಕೆ ಹೋಗಿ ಗೆಳತಿ ಲಕ್ಕವ್ವನ ಮುಂದೆ ಬಾಯಿ ಬಿಟ್ಟಳು. ಲಕ್ಕವ್ವನೋ, ಉರಿಯದ ಒಲೆಯನ್ನೂ ಊದಿ ಊದಿ ಉರಿಸುವ ಹೆಂಗಸು.

"ಹಿತಾ ಆತೇನು? ಅಯ್ಯ ನನ್ನವ್ವಾ, ಅಲ್ಲೇ ಐತಿ ನೋಡು. ಮದ್ದು ಹಾಕಿದ್ರ ಮೊದಲ ಹಿತಾನ ಆಕ್ಕೈತಿ. ಆಮ್ಯಾಲ ಆಕಿ ಕುಣಿಸಿದಂಗ ನೀ ಕುಣೀಬೇಕು."

ಮದ್ದು! ಗಂಡನನ್ನೋ ಅತ್ತೆಯನ್ನೋ ಕೈವಶ ಮಾಡಿಕೊಳ್ಳಲು ಊಟದಲ್ಲಿ ಕಲಸಿ ಹಾಕುತ್ತಾರೆಂದು ಹೆಂಗಸರು ಪಿಸುಗುಡುವ ಮದ್ದು. ಯಮನವ್ವ ಲೆಕ್ಕ ಹಾಕಿದಳು. ಹೌದಲ್ಲ, ತಾನು ಸೊಸೆಯನ್ನು ಬೈದು ಎಷ್ಟು ದಿನವಾಯಿತು?

"ಆಕಿ ಕುಡೀತಾಳೇನು ಅದನ್ನ?" ಲಕ್ಕವ್ವ ಕೇಳಿದಳು. "ಹಾಕಿದಾಕಿ ತಾನು ಕುಡಿಯೂದಿಲ್ಲ, ನೋಡ್ಕೋ."

ಯಮನವ್ವ ನೋಡಿಕೊಂಡಳು. ಸುಂದ್ರವ್ವ ಕುದಿಸುತ್ತಿದ್ದಳು, ಸೋಸುತ್ತಿದ್ದಳು, ಆದರೆ ಒಂದು ಹನಿ ಬಾಯಿಗೆ ಹಾಕುತ್ತಿರಲಿಲ್ಲ. ಮರುದಿನ ಮುಂಜಾನೆ ಯಮನವ್ವ ಚಹಾದ ತಂಬಿಗೆಯನ್ನು ಅವಳ ಕಡೆಗೇ ದೂಡಿದಳು.

"ನೀ ಕುಡಿ."

"ನನಗ ಬ್ಯಾಡ್ರಿ, ಅತ್ತಿ."

"ಯಾಕ ಬ್ಯಾಡ? ನನಗ ಅಮೃತ, ನಿನಗ ವಿಷ ಏನು?"

ಸುಂದ್ರವ್ವ ತಂಬಿಗೆ ಮುಟ್ಟಲಿಲ್ಲ. ತೊಡೆಯ ಮೇಲಿನ ಕೂಸಿಗೆ ಸೆರಗು ಮುಚ್ಚಿದಳು, ಏನೋ ಹೇಳಲು ಹೋಗಿ ನುಂಗಿಕೊಂಡಳು. ಆ ನುಂಗಿದ ಮಾತೇ ಯಮನವ್ವನಿಗೆ ಸಾಕ್ಷಿಯಾಯಿತು.

"ಕುಡೀಲಿಲ್ಲಂದ್ರ ಗುರುಲಿಂಗ ಬರಲಿ, ನಿನ್ನ ಹುಕ್ಕೇರಿಗೆ ಕಳಸ್ತೇನಿ. ಕೂಸು ಮಾತ್ರ ಇಲ್ಲೇ ಇರತೈತಿ, ತಿಳೀತಿಲ್ಲೋ?"

ಸುಂದ್ರವ್ವ ಕೂಸಿನ ಮುಖ ನೋಡಿದಳು. ಕಣ್ಣು ಮುಚ್ಚಿ ತಂಬಿಗೆ ಎತ್ತಿದಳು. ಅಂದಿನಿಂದ ಅದೇ ಕಟ್ಟಳೆಯಾಯಿತು. ಮೊದಲು ಸೊಸೆ ಒಂದು ತಂಬಿಗೆ ತುಂಬ ಕುಡಿಯಬೇಕು, ಅತ್ತೆ ನೋಡಬೇಕು, ಆಮೇಲೆ ಅತ್ತೆ ಕುಡಿಯಬೇಕು.

ದಿನ ಕಳೆದಂತೆ ಕೂಸು ಕಿರಿಕಿರಿ ಮಾಡತೊಡಗಿತು. ಎಷ್ಟು ಎತ್ತಿಕೊಂಡರೂ ಅಳು ನಿಲ್ಲದು, ಕೆನ್ನೆ ಇಳಿಯಿತು. ದೃಷ್ಟಿ ತೆಗೆದದ್ದಾಯಿತು, ತಾಯಿತ ಕಟ್ಟಿದ್ದಾಯಿತು. ಇನ್ನೊಂದು ಸಂಗತಿ ಯಮನವ್ವನ ಕಣ್ಣಿಗೆ ಬಿತ್ತು. ಸುಂದ್ರವ್ವ ಸಂಜೆ ಹೊತ್ತು ಕೂಸನ್ನು ಎತ್ತಿಕೊಂಡು, ಸೆರಗಿನಲ್ಲಿ ಗಿಂಡಿ ಮರೆಮಾಡಿಕೊಂಡು ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದಳು. ಸಿಕ್ಕಿಬಿದ್ದಳು ಕಳ್ಳಿ, ಹೊಸ ಮದ್ದು ತರಲು ಹೊರಟಿದ್ದಾಳೆ ಎಂದುಕೊಂಡು ಯಮನವ್ವ ಚಪ್ಪಲಿ ಕೈಯಲ್ಲಿ ಹಿಡಿದು ಬೆನ್ನು ಹತ್ತಿದಳು.

ಸುಂದ್ರವ್ವ ಹೋದದ್ದು ಊರಂಚಿನ ಕುರುಬರ ಕಾಡವ್ವನ ದೊಡ್ಡಿಗೆ. ಯಮನವ್ವ ಒಳಗೆ ನುಗ್ಗಿದಾಗ ಸೊಸೆ ಗೋಡೆಗೆ ಒರಗಿ ಕೂತಿದ್ದಳು. ಅರಿವೆಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಅದ್ದಿ ಕೂಸಿನ ಬಾಯಿಗೆ ಇಡುತ್ತಿದ್ದಳು. ಕೂಸು ಬತ್ತಿಯನ್ನು ಬಿಡದೆ ಚೀಪುತ್ತಿತ್ತು.

"ಬರ್ರಿ ಯಮನವ್ವಾ," ಎಂದಳು ಕಾಡವ್ವ, ಹಾಲು ಕರೆಯುವುದನ್ನು ನಿಲ್ಲಿಸದೆ. "ಬಾಣಂತಿಗೆ ಎದಿಹಾಲು ಬತ್ತೈತಿ. ಮನ್ಯಾಗ ಹೇಳವ್ವ ಅಂದ್ರ ಕೇಳವಲ್ಲಳು."

ಯಮನವ್ವ ಚಪ್ಪಲಿ ಕೆಳಗೆ ಹಾಕಿದಳು. "ಹೆಂಗ ಬತ್ತಿತು?"

ಸುಂದ್ರವ್ವ ತಲೆ ಎತ್ತಲಿಲ್ಲ. "ಪುದೀನಾ ಬಾಣಂತಿಗೆ ಆಗಿಬರೂದಿಲ್ರಿ, ಹಾಲು ಬತ್ತತೈತಿ ಅಂತ ಆ ಬಾಜೂ ಮನಿ ಅಜ್ಜಿ ಹೇಳಿದ್ಳು. ಅದಕ್ಕs ಕುಡೀತಿರಲಿಲ್ಲ."

"ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿನಗ?"

"ಹಾಲಿನ ಮಾತು ಬಾಯಾಗ ಆಡಬಾರದು, ಆಡಿದ್ರ ಹಾಲು ಹೋಗತೈತಿ ಅಂತ ನೀವs ಹೇಳಿದ್ರಲ್ರಿ, ನಾ ಹುಕ್ಕೇರಿಯಿಂದ ಬಂದ ದಿನ."

ಹೇಳಿದ್ದು ನಿಜ. ಯಮನವ್ವನ ಅತ್ತೆ ಅವಳಿಗೆ ಹೇಳಿದ್ದು, ಅವಳು ಸೊಸೆಗೆ ಹೇಳಿದ್ದು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಆ ಹೆಂಗಸಿಗೆ. ನಾಚಿಕೆಯೆಂದರೆ ಅಂಥ ನಾಚಿಕೆ, ಅದರ ಹಿಂದೆಯೇ ಕೂಸಿನ ಹೆದರಿಕೆ. ಮನೆಗೆ ಬಂದವಳೇ ಚಹಾದ ತಂಬಿಗೆಯನ್ನು ಬೋರಲು ಹಾಕಿದಳು. ಸಬ್ಬಸಿಗೆ ತಂದಳು, ಬೆಳ್ಳುಳ್ಳಿ ಸುಟ್ಟಳು, ಬಾಯಿಗೆ ಬಂದಂತೆ ಲಕ್ಕವ್ವನನ್ನು ಬೈದಳು. ರಾತ್ರಿ ಕಳೆದರೂ ಹಾಲು ಮಾತ್ರ ಮರಳಿ ಇಳಿಯಲಿಲ್ಲ.

ಮರುದಿನ ನಸುಕಿನಲ್ಲಿ ಯಮನವ್ವ ತಾನೇ ದೊಡ್ಡಿಗೆ ಹೋಗಿ ಹಾಲು ತಂದಳು. ಕಾಸಿ, ಆರಿಸಿ, ಬಟ್ಟಲಿಗೆ ಹಾಕಿ ಸೊಸೆಯ ಮುಂದೆ ಹಿಡಿದಳು.

"ತಗೋ ನನ್ನವ್ವಾ, ಕೂಸಿಗೆ ಹಾಕು."

ಸುಂದ್ರವ್ವ ಬಟ್ಟಲು ತೆಗೆದುಕೊಂಡಳು. ಕೂಸು ಹಸಿದು ಒದ್ದಾಡುತ್ತಿತ್ತು, ಆದರೂ ಅವಳು ಬತ್ತಿ ಅದ್ದಲಿಲ್ಲ. ಬಟ್ಟಲನ್ನು ಮೂಗಿಗೆ ಹಿಡಿದು ಮೂಸಿದಳು. ಆಮೇಲೆ ತನ್ನ ನಾಲಿಗೆಗೆ ಒಂದು ಹನಿ ಬಿಟ್ಟುಕೊಂಡು, ಅತ್ತೆಯ ಮುಖವನ್ನೇ ನೋಡುತ್ತ ಕೂತಳು.

ಯಮನವ್ವ ಹಿಂದೆ ಸರಿದಳು. ಸೊಸೆಗೆ ನಂಬಿಕೆ ಬಂದು ಬತ್ತಿ ಅದ್ದುವ ತನಕ ಹೊಸ್ತಿಲ ಹೊರಗೆ ನಿಂತಳು.