ಅರವತ್ತೊಂದೂವರೆ

ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋಗಿ ಬಂದವನೇ ತೂಕಪ್ಪ ತೂಕದ ಯಂತ್ರ ಒರೆಸುತ್ತಿದ್ದ. ಮೊದಲು ಕೆಳಗಿನ ಹಲಗೆ, ಆಮೇಲೆ ಕಂಬ, ಕೊನೆಗೆ ಮೇಲಿನ ದಂಡ, ದಂಡದ ಮೇಲೆ ಸರಿಯುವ ಹಿತ್ತಾಳೆಯ ಬಿಲ್ಲೆ. ಮೂವತ್ತೊಂದು ವರ್ಷ ಕಾಳಿನ ಮಂಡಿಯಲ್ಲಿ ಇದೇ ಯಂತ್ರದ ಪಕ್ಕ ನಿಂತು ಮೂಟೆ ತೂಗಿದವನು ಅವನು. ಹೆತ್ತವರು ಇಟ್ಟ ಹೆಸರು ಎಲ್ಲರಿಗೂ ಮರೆತುಹೋಗಿ ತೂಕಪ್ಪ ಎಂಬುದೇ ನಿಂತಿತ್ತು. ಮಂಡಿಗೆ ಕರೆಂಟಿನ ಯಂತ್ರ ಬಂದಾಗ ಸಾಹುಕಾರರು ಹಳೆಯದನ್ನು ಗುಜರಿಗೆ ಹಾಕುವ ಬದಲು ಅವನಿಗೇ ಕೊಟ್ಟರು. ಜೊತೆಗೆ, ದಿನಾ ಬೆಳಿಗ್ಗೆ ಯಂತ್ರ ಸರಿಯಿದೆಯೋ ಇಲ್ಲವೋ ಎಂದು ಇಟ್ಟು ನೋಡುತ್ತಿದ್ದ ಇಪ್ಪತ್ತು ಕಿಲೋದ ಕಲ್ಲನ್ನೂ ಕೊಟ್ಟರು. ಕಬ್ಬಿಣದ್ದೇ ಆದರೂ ಅದಕ್ಕೆ ಕಲ್ಲು ಎಂದೇ ಹೆಸರು. ಕಲ್ಲು ಮಂಚದ ಕೆಳಗೆ ಸೇರಿತು. ಯಂತ್ರ ಎರಡು ವರ್ಷದಿಂದ ಮುಂದಿನ ಕೋಣೆಯಲ್ಲಿ, ಬಂದು ಹೊರಡದ ನೆಂಟನ ಹಾಗೆ ನಿಂತಿತ್ತು.

ಈಗ ಅದರ ಮೇಲೆ ಅವನೇ ನಿಲ್ಲಬೇಕಾಗಿತ್ತು.

ಬನಿಯನ್, ಚಡ್ಡಿಯಲ್ಲಿ ಹಲಗೆ ಹತ್ತುವನು. ಹತ್ತಿದ ಮೇಲೂ ದಂಡದ ತುದಿಯನ್ನು ಇನ್ನೊಮ್ಮೆ ಬಟ್ಟೆಯಿಂದ ನಿಧಾನಕ್ಕೆ ಒರೆಸುವನು. ದಂಡ ಏರಿ ಇಳಿದು ಮಟ್ಟಕ್ಕೆ ನಿಂತಾಗ, ಮಂಡಿಯಲ್ಲಿ ಕೂಗುತ್ತಿದ್ದ ಹಾಗೆಯೇ ಎಳೆದು ಕೂಗುವನು.

"ಅರವತ್ತೊಂದೂವರೇ..."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಪುಸ್ತಕದಲ್ಲಿ ಬರೆಯುವಳು. ಬರೆದು, ಪೆನ್ನನ್ನು ಪುಸ್ತಕದ ನಡುವೆ ಇಟ್ಟು, ಮುಚ್ಚಿ, ಗೂಡಿನಲ್ಲಿ ಇಡುವಳು. ಆಮೇಲೆ ಮಾತ್ರೆಗಳು. ಬಿಳಿಯದು ಎರಡು, ಗುಲಾಬಿ ಒಂದು, ನೀರು ತೆಗೆಯುವ ಚಿಕ್ಕದು ಒಂದು. ಕುಡಿಯಲು ಅರ್ಧ ಲೋಟ ನೀರು, ಅಷ್ಟೇ. ಇಡೀ ದಿನಕ್ಕೆ ಒಂದೂವರೆ ಲೀಟರ್ ಎಂದು ಅಳೆದು ಬೇರೆ ತಂಬಿಗೆಯಲ್ಲಿ ಇಟ್ಟಿದ್ದಳು. ಅಡುಗೆಗೆ ಉಪ್ಪು ಬೆರಳ ತುದಿಯಷ್ಟು.

ಎರಡು ತಿಂಗಳಿಂದ ಅವಳು ಇದನ್ನೆಲ್ಲ ಹೀಗೇ ಮಾಡಿಕೊಂಡು ಬಂದಿದ್ದಳು. ಗಂಡ ಮಂಡಿಯಲ್ಲಿ ಮೂಟೆಯ ಮೇಲೆ ಕುಸಿದ ಎಂದು ಸುದ್ದಿ ಬಂದ ದಿನ ಅವಳು ಕಿಟಕಿ ಒರೆಸುತ್ತಿದ್ದಳು. ಉಳಿದ ಎರಡು ಗಾಜನ್ನೂ ಒರೆಸಿ, ಬಟ್ಟೆ ಹಿಂಡಿ ಹರವಿ, ಆಮೇಲೆ ಹೊರಟಿದ್ದಳು. ಯಾಕೆ ಹಾಗೆ ಮಾಡಿದೆ ಎಂದು ಅವಳಿಗೇ ಗೊತ್ತಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಬೇರೆಯವರ ಕಾಲನ್ನು ಚಿವುಟಿದ ಹಾಗೆ ಇರುತ್ತದಲ್ಲ, ಅವತ್ತಿನಿಂದ ಒಳಗೆಲ್ಲ ಹಾಗೇ ಆಗಿತ್ತು.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲ ಸಲ ಬಿಟ್ಟು ಕಳಿಸುವಾಗ ಮಂಚದ ಅಂಚಿನಲ್ಲಿ ಕೂತು, ಕೈ ಮುಷ್ಟಿ ಮಾಡಿ ತೋರಿಸಿದ್ದರು.

"ಯಜಮಾನ್ರೇ, ಹೃದಯ ಅಂದ್ರೆ ಇಷ್ಟೇ. ಹಿಂಡುತ್ತೆ, ಬಿಡುತ್ತೆ, ಹಿಂಡುತ್ತೆ, ಬಿಡುತ್ತೆ. ನಿಮ್ಮ ಹೃದಯಕ್ಕೇ ರಕ್ತ ಕೊಡೋ ನಾಳ ಒಂದು ಕಟ್ಟಿಕೊಂಡಿತ್ತು. ಅದನ್ನ ಬಿಡಿಸಿ ಸ್ಟೆಂಟ್ ಹಾಕಿದೀವಿ. ಆದ್ರೆ ಅಷ್ಟರಲ್ಲಿ ಒಂದು ಭಾಗ ಸತ್ತುಹೋಗಿದೆ. ಸತ್ತ ಭಾಗ ಹಿಂಡಲ್ಲ."

ತೂಕಪ್ಪ ತಾನೂ ಮುಷ್ಟಿ ಮಾಡಿ ನೋಡಿಕೊಂಡ. "ಅಂದ್ರೆ ಆರು ಜನ ಹಮಾಲಿಗಳು ಇರೋ ಕಡೆ ಮೂರೇ ಜನ ಬಂದಿದಾರೆ ಅಂತಾಯ್ತು."

"ಹೂಂ. ಅವತ್ತು ಮೂಟೆ ಎಲ್ಲಿ ನಿಲ್ಲುತ್ತೆ?"

"ಬಾಗಿಲಲ್ಲಿ. ಆಮೇಲೆ ಅಂಗಳದಲ್ಲಿ. ಅದೂ ತುಂಬಿದ್ರೆ ರಸ್ತೇಲಿ."

"ನಿಮ್ಮ ಮೈಯಲ್ಲೂ ಅಷ್ಟೇ. ಮುಂದಕ್ಕೆ ಹೋಗಬೇಕಾದ್ದು ಹಿಂದೆ ನಿಲ್ಲುತ್ತೆ. ಕಾಲಲ್ಲಿ ನೀರು, ಹೊಟ್ಟೇಲಿ ನೀರು. ಶ್ವಾಸಕೋಶದಲ್ಲಿ ತುಂಬಿಕೊಂಡ್ರೆ ಒಣ ನೆಲದ ಮೇಲೇ ಮುಳುಗಿದ ಹಾಗೆ."

ಹಾಗೆ ಹೇಳಿ ಅವನ ಮೊಣಕಾಲ ಕೆಳಗೆ, ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಹಸಿ ಮಣ್ಣಿನಲ್ಲಿ ಒತ್ತಿದ ಹಾಗೆ ಸಣ್ಣ ಗುಳಿ ಉಳಿಯಿತು. ಅದು ತುಂಬುವವರೆಗೆ, ಪಕ್ಕದಲ್ಲಿ ನಿಂತಿದ್ದ ಹೆಂಡತಿಯೂ ಸೇರಿ, ಮೂವರೂ ನೋಡಿದರು.

"ಕಣ್ಣಿಗೆ ಕಾಣೋ ಮೊದಲೇ ನೀರು ತೂಕದಲ್ಲಿ ಕಾಣುತ್ತೆ. ದಿನಾ ಬೆಳಿಗ್ಗೆ ಏನೂ ತಿನ್ನೋ ಮೊದಲು ನೋಡಿ. ಮೂರು ದಿನದಲ್ಲಿ ಎರಡು ಕಿಲೋ ಏರಿದ್ರೆ ಬಂದುಬಿಡಿ. ಉಸಿರು ಕಟ್ಟಲಿ ಅಂತ ಕಾಯ್ಬೇಡಿ."

"ತೂಕದ ವಿಷಯ ನನಗೆ ಬಿಡಿ ಡಾಕ್ಟ್ರಮ್ಮ," ಎಂದಿದ್ದ ತೂಕಪ್ಪ.

ಮೂರು ವಾರಕ್ಕೆ ತೂಕ ಏರಿತು. ಅವನೇ ಕೂಗಿ ಹೇಳಿ, ಅವನೇ ಚೀಲ ಹಿಡಿದು ಹೊರಟ. ಐದು ದಿನ ಇದ್ದು, ನೀರು ಇಳಿಸಿಕೊಂಡು ಬಂದ. ಆದರೆ ಆ ಸಲ ಪಕ್ಕದ ಕಿಟಕಿ ಮಂಚದಲ್ಲಿ ಒಬ್ಬ ಮೇಷ್ಟ್ರು ಇದ್ದರು. ಅವರದೂ ಇದೇ ಕಾಯಿಲೆ. ಮೂರನೇ ಸಲ ಬಂದಿದ್ದರು. ನಾಲ್ಕನೇ ದಿನ ಮಧ್ಯಾಹ್ನ ಪದಬಂಧ ಬಿಡಿಸುತ್ತ, ಐದಕ್ಷರದ ಒಂದು ನದಿಯ ಹೆಸರು ಹೇಳಿ ಎಂದು ತೂಕಪ್ಪನನ್ನು ಕೇಳಿದರು. ತೂಕಪ್ಪ ಬೆರಳು ಮಡಚಿ ಅಕ್ಷರ ಎಣಿಸುತ್ತಿದ್ದ. ತಿರುಗಿ ನೋಡಿದಾಗ ಮೇಷ್ಟ್ರು ಹೋಗಿಬಿಟ್ಟಿದ್ದರು.

ಮನೆಗೆ ಬಂದವನು ಆ ಮಾತನ್ನು ಒಂದೇ ಸಲ ಆಡಿದ್ದ. "ಮೂರನೇ ಸಲ ಅಂತೆ ಕಣೇ ಅವರದ್ದು. ನನ್ನದು ಎರಡಾಯ್ತು."

ಅವಳು "ಹೂಂ" ಎಂದಿದ್ದಳು.

ಈಗ ಎಂಟು ದಿನದಿಂದ ಅರವತ್ತೊಂದೂವರೆ.

ಎಂಟನೇ ದಿನ ಮಧ್ಯಾಹ್ನ ಜೋಡಿಮೂಟೆ ಅವನನ್ನು ನೋಡಲು ಬಂದ. ಹಮಾಲಿಗಳ ಮೇಸ್ತ್ರಿ, ವಯಸ್ಸಿನಲ್ಲಿ ಬೆನ್ನ ಮೇಲೆ ಎರಡು ಮೂಟೆ ಒಟ್ಟಿಗೇ ಹೊತ್ತವನು ಎಂದು ಆ ಹೆಸರು. ಬಂದವನೇ ಯಂತ್ರದ ಹಲಗೆಯ ಮೇಲೆ ಕೂತ.

"ಏನತ್ತಿಗೆ, ಅಣ್ಣನ್ನ ದಿನಾ ತೂಗ್ತೀರಂತೆ. ಮೂಟೆ ಮಾಡಿಬಿಟ್ರಾ?"

"ಬಾಯಿ ಹೊಲಿಯೋದೊಂದು ಬಾಕಿ," ಎಂದ ತೂಕಪ್ಪ ಮಂಚದಿಂದ.

"ಅದನ್ನ ಅತ್ತಿಗೆ ಮದುವೆ ದಿನಾನೇ ಮಾಡಬೇಕಿತ್ತು." ಜೋಡಿಮೂಟೆ ಗೂಡಿನಿಂದ ಪುಸ್ತಕ ತೆಗೆದು ಬೆರಳಿಟ್ಟು ಓದಿದ. "ಅರವತ್ತೊಂದೂವರೆ. ಅರವತ್ತೊಂದೂವರೆ. ಅರವತ್ತೊಂದೂವರೆ. ಇದೇನಣ್ಣ, ಕಾಪಿ ಬರೆಸಿದ ಹಾಗಿದೆ. ಕಟ್ಟಿಟ್ಟ ಕಾಳಿನ ಮೂಟೇನೇ ನಾಲ್ಕು ದಿನ ಬಿಟ್ಟು ತೂಗಿದ್ರೆ ಕಾಲು ಕಿಲೋ ಆಚೀಚೆ ಆಗುತ್ತೆ. ನೀನು ಉಣ್ತೀಯ, ಕುಡೀತೀಯ, ಹೋಗಿಬರ್ತೀಯ. ಒಂದು ಗುಲಗಂಜೀನೂ ಏರಲ್ಲ, ಇಳಿಯಲ್ಲ?"

"ಔಷಧಿ ಹಂಗಿದೆ."

"ಹಂಗಾದ್ರೆ ನನ್ನ ಹೆಂಡ್ತಿಗೂ ಒಂದು ಚೀಟಿ ಬರೆಸಿಕೊಡು. ಅವಳದ್ದು ಏರೋದೊಂದೇ ಗೊತ್ತು."

ತೂಕಪ್ಪ ನಕ್ಕ. ನಗು ಅರ್ಧಕ್ಕೇ ನಿಂತಿತು. ಬಾಯಿ ತೆರೆದೇ ಇತ್ತು, ಉಸಿರು ಸಿಗಲಿಲ್ಲ. ಕೈಯಿಂದ ಮಂಚದ ಅಂಚು ಹಿಡಿದು, ಎರಡು ಮೂರು ಸಲ ಸಣ್ಣಗೆ ಎಳೆದುಕೊಂಡ ಮೇಲೆ ಸರಿಹೋದ. ಜೋಡಿಮೂಟೆ ಪುಸ್ತಕ ಮುಚ್ಚಿ, ಬಾಗಿಲ ಕಡೆ ನೋಡುತ್ತ ಕೂತ. ಹೊರಡುವಾಗ ಹೊಸಲಿನ ಆಚೆ ನಿಂತು ಅವಳಿಗೆ ಮಾತ್ರ ಕೇಳುವ ಹಾಗೆ, "ಅತ್ತಿಗೆ, ಏನಾದ್ರೂ ಇದ್ರೆ ಫೋನ್ ಮಾಡಿ. ಮಂಡಿ ಗಾಡಿ ಇದೆ," ಎಂದ.

ಅವಳು ಒಳಗೆ ಬಂದು ಒಗೆಯಲು ಬಟ್ಟೆ ತೆಗೆದಳು. ಗಂಡನ ಅಂಗಿಯ ಜೇಬಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ತೆಗೆದು ನೋಡಿದರೆ ಕಡಲೆಕಾಳಿನಷ್ಟು ಸೀಸದ ಉಂಡೆ, ಅದರಿಂದ ಹೊರಟ ಎರಡು ತುಂಡು ತಂತಿ. ಉಂಡೆಯ ಮೇಲೆ ಒತ್ತಿದ ಮುದ್ರೆ. ಅವಳು ಅದನ್ನು ಗುರುತಿಸಿದಳು. ದಂಡದ ತುದಿಯ ಹಿಂದೆ, ಅವನು ದಿನಾ ಹತ್ತಿ ನಿಂತು ಒರೆಸುವ ಜಾಗದಲ್ಲಿ, ಒಂದು ತಿರುಪು ಇತ್ತು. ಅದನ್ನು ತಿರುಗಿಸಿದರೆ ಯಂತ್ರ ಇದ್ದದ್ದಕ್ಕಿಂತ ಹೆಚ್ಚೋ ಕಡಿಮೆಯೋ ತೋರಿಸುತ್ತದೆ. ಅದಕ್ಕೇ ತಪಾಸಣೆಯವರು ವರ್ಷಕ್ಕೊಮ್ಮೆ ಬಂದು, ತಂತಿ ಸುತ್ತಿ, ಸೀಸದ ಮುದ್ರೆ ಹಾಕಿ ಹೋಗುತ್ತಿದ್ದರು. ಆ ತಿರುಪನ್ನು ಅರ್ಧ ಸುತ್ತು ತಿರುಗಿಸು ಎಂದು ಒಬ್ಬ ವ್ಯಾಪಾರಿ ಒಮ್ಮೆ ಮನೆಯ ಬಾಗಿಲಿಗೇ ಬಂದಿದ್ದ. ತೂಕಪ್ಪ ಅವನನ್ನು ಕೂರಿಸದೆ ಕಳಿಸಿದ್ದ.

ಅವಳು ಉಂಡೆಯನ್ನು ಅಂಗೈಯಲ್ಲಿ ಹಿಡಿದು ನಿಂತಳು. ಎಂಟು ದಿನದ ಹಿಂದೆ ಎರಡು ದಿಂಬು ಸಾಕಾಗುತ್ತಿತ್ತು ಅವನಿಗೆ. ಈಗ ಮೂರು, ಅವುಗಳ ಕೆಳಗೆ ಮಡಚಿದ ಕಂಬಳಿ. ಕೇಳಿದರೆ ಕುತ್ತಿಗೆ ನೋವು ಎಂದಿದ್ದ. ಚಪ್ಪಲಿಯ ಪಟ್ಟಿಯನ್ನು ಎರಡು ತೂತು ಸಡಿಲ ಮಾಡಿದ್ದ. ಇದೆಲ್ಲ ಅವಳ ಕಣ್ಣ ಮುಂದೆಯೇ ಆಗಿತ್ತು. ಅವಳು ನೋಡಿಯೂ ಇದ್ದಳು. ಪುಸ್ತಕದಲ್ಲಿ ಅರವತ್ತೊಂದೂವರೆ ಇತ್ತು, ಅದಕ್ಕೆ ಸುಮ್ಮನಿದ್ದಳು.

ಬೈಯಬೇಕು ಅನ್ನಿಸಲಿಲ್ಲ. ಅಳಬೇಕು ಎಂದೂ ಅನ್ನಿಸಲಿಲ್ಲ. ಅಂಗಿಯನ್ನು ನೆನೆಹಾಕಿದಳು.

ಮಾರನೆಯ ಬೆಳಿಗ್ಗೆ ಅವನು ಬಾತ್‌ರೂಮಿಗೆ ಹೋದಾಗ ಮಂಚದ ಕೆಳಗಿನಿಂದ ಕಲ್ಲನ್ನು ಎಳೆದಳು. ಅದಕ್ಕೆ ಸುತ್ತಿದ್ದ ಗೋಣಿ ಬಿಚ್ಚಿದಳು. ಎರಡು ಕೈಯಲ್ಲಿ ಎತ್ತಿ ಹಲಗೆಯ ಮೇಲಿಟ್ಟು, ಸೀಸದ ಉಂಡೆಯನ್ನು ಅದರ ತಲೆಯ ಮೇಲಿಟ್ಟು, ಪುಸ್ತಕ ಹಿಡಿದು ಎಂದಿನ ಹಾಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

ತೂಕಪ್ಪ ಬಟ್ಟೆ ಹಿಡಿದು ಬಂದ. ನೋಡಿದ. ಕೈಯಲ್ಲಿದ್ದ ಬಟ್ಟೆ ಹಾಗೇ ಇತ್ತು.

"ತೂಗಿ," ಎಂದಳು ಅವಳು.

ಅವನು ಉಂಡೆಯನ್ನು ತೆಗೆದು ಪಕ್ಕಕ್ಕಿಟ್ಟ. ಮೂವತ್ತೊಂದು ವರ್ಷದ ಅಭ್ಯಾಸ. ಹಲಗೆಯ ಮೇಲೆ ಕಲ್ಲು ಕಂಡರೆ ಕೈ ತಾನಾಗಿ ಬಿಲ್ಲೆಗೆ ಹೋಗುತ್ತದೆ. ಇಪ್ಪತ್ತಕ್ಕೆ ಸರಿಸಿದ. ದಂಡ ಮೇಲೇಳಲಿಲ್ಲ. ಹತ್ತೊಂಬತ್ತು. ಏಳಲಿಲ್ಲ. ಹದಿನೆಂಟು. ಬೆರಳಿನಿಂದ ಒಂದೊಂದೇ ಗೆರೆ ಹಿಂದಕ್ಕೆ ತಳ್ಳುತ್ತ ಬಂದ. ಒಂದು ಕಡೆ ದಂಡ ಅಲುಗಾಡಿ, ಏರಿ, ಮಟ್ಟಕ್ಕೆ ನಿಂತಿತು.

ಸುಳ್ಳು ತೂಕ ಕೂಗುವುದು ಆ ಬಾಯಿಗೆ ಬರುತ್ತಿರಲಿಲ್ಲ. ಎಂಟು ದಿನವೂ ಅವನು ಕಂಡದ್ದನ್ನೇ ಕೂಗಿದ್ದ.

"ಹದಿನಾರೂವರೆ," ಎಂದ. ದನಿ ಎಳೆಯಲಿಲ್ಲ.

ಅವಳು ಅದನ್ನೂ ಬರೆದಳು.

"ಮೂರೂವರೆ ಮರೆಸಿದೀನಿ ಕಣೇ."

"ನನಗೂ ಲೆಕ್ಕ ಬರುತ್ತೆ."

ಅವನು ಕಲ್ಲಿನ ಪಕ್ಕ ನೆಲದ ಮೇಲೆ ಕೂತ. ಕೂತದ್ದಕ್ಕೇ ಏದುಸಿರು ಬಂತು. "ಆ ಮೇಷ್ಟ್ರು..." ಎಂದು ಶುರು ಮಾಡಿ ನಿಲ್ಲಿಸಿದ.

"ಮೇಷ್ಟ್ರು ಎಷ್ಟು ದಿನ ತಡ ಮಾಡಿ ಬಂದಿದ್ರೋ, ನಿಮಗೆ ಗೊತ್ತಾ?"

"ಇಲ್ಲ."

"ನನಗೂ ಗೊತ್ತಿಲ್ಲ. ಎದ್ದು ತಿರುಪು ಸರಿ ಮಾಡಿ."

ಅವನು ಎದ್ದ. ಕಲ್ಲು ಇಪ್ಪತ್ತು ತೋರಿಸುವವರೆಗೆ ತಿರುಪು ತಿರುಗಿಸಿದ. ಕಲ್ಲನ್ನು ಅವಳು ಇಳಿಸಿದಳು, ಅವನು ಹತ್ತಿದ. ಬಟ್ಟೆಯಿಂದ ಒರೆಸಲಿಲ್ಲ.

"ಅರವತ್ತೈದೂಕಾಲು. ನಿನ್ನೆಯಿಂದ ಇನ್ನೂ ಕಾಲು ಏರಿದೆ."

ಬರೆದು, ಪೆನ್ನನ್ನು ಪುಸ್ತಕದ ನಡುವೆ ಇಟ್ಟು, ಮುಚ್ಚಿ, ಈ ಸಲ ಗೂಡಿನ ಬದಲು ಚೀಲದಲ್ಲಿ ಇಟ್ಟಳು. ಮಾತ್ರೆಗಳ ಡಬ್ಬಿ, ಎರಡು ಜೊತೆ ಬಟ್ಟೆ, ಲೋಟ. ಜೋಡಿಮೂಟೆಗೆ ಫೋನ್ ಮಾಡಿದಳು. ಅವನು ಮಂಡಿಯ ಸಣ್ಣ ಲಾರಿ ತಂದು ಬಾಗಿಲಿಗೆ ನಿಲ್ಲಿಸಿ, ಅಣ್ಣನ ಕಂಕುಳಿಗೆ ಕೈಕೊಟ್ಟ. "ಮುಂದೆ ಕೂತ್ಕೋ. ಹಿಂದೆ ಹಾಕ್ಕೊಂಡ್ರೆ ದಾರೀಲಿ ಸರಕಿನ ಚೀಟಿ ಕೇಳ್ತಾರೆ," ಎಂದ. ಯಾರೂ ನಗಲಿಲ್ಲ. ಅವನು ಗಾಡಿ ಹೊರಡಿಸಿದ.

ಆಸ್ಪತ್ರೆಯಲ್ಲಿ ನರ್ಸ್ ಮೊದಲು ತೂಕ ನೋಡಿದಳು. ಕೆಂಪು ಅಂಕಿ ಅರವತ್ತನಾಲ್ಕು ತೋರಿಸಿತು.

"ನಿಮ್ಮದು ಒಂದೂಕಾಲು ಕಡಿಮೆ ತೋರಿಸುತ್ತೆ ಕಣಮ್ಮ," ಎಂದ ತೂಕಪ್ಪ, ಎರಡು ಉಸಿರಿನಲ್ಲಿ.

"ಎಲೆಕ್ಟ್ರಾನಿಕ್ ಅಜ್ಜಾ ಇದು."

"ಇರಲಿ. ಕಲ್ಲಿಟ್ಟು ನೋಡಿದೀರಾ ಯಾವತ್ತಾದ್ರೂ?"

ನರ್ಸ್ ನಗುತ್ತ ಪುಸ್ತಕ ತೆಗೆದುಕೊಂಡು ತೆರೆದಳು. ನಗು ಹೋಯಿತು. "ನಿನ್ನೆ ಅರವತ್ತೊಂದೂವರೆ, ಇವತ್ತು ಅರವತ್ತೈದೂಕಾಲು. ನಡುವೆ ಇದೇನು ಹದಿನಾರೂವರೆ? ಒಂದೇ ದಿನಕ್ಕೆ ನಾಲ್ಕು ಕಿಲೋ ಹತ್ತಿರ ಏರಿತಾ? ಅಮ್ಮಾ, ಸರಿಯಾಗಿ ಹೇಳಿ. ಒಂದೇ ದಿನಕ್ಕೆ ಏರಿದ್ರೆ ಅದು ಬೇರೆ ಕಥೆ, ಡಾಕ್ಟ್ರಿಗೆ ಹೇಳಬೇಕು."

ಅವಳು ಗಂಡನ ಮುಖ ನೋಡಲಿಲ್ಲ. ಗೋಡೆಯ ಮೇಲೆ ಹೃದಯದ ಚಿತ್ರ ಇತ್ತು. ಒಂದು ಕಡೆ ನೀಲಿ ಕೊಳವೆ, ಒಂದು ಕಡೆ ಕೆಂಪು. ಅದನ್ನು ನೋಡುತ್ತ ನಿಂತಳು. ಯಂತ್ರ ಹಳೆಯದು, ಕೆಟ್ಟಿತ್ತು ಎಂದು ಹೇಳಿದರೂ ನಡೆಯುತ್ತಿತ್ತು. ಜೋಡಿಮೂಟೆ ಚೀಲ ಹಿಡಿದು ಅಲ್ಲೇ ಇದ್ದ.

"ಒಂದೇ ದಿನದ್ದಲ್ಲಮ್ಮ," ಎಂದ ತೂಕಪ್ಪ. "ಎಂಟು ದಿನದ್ದು. ದಿನಾ ಅರ್ಧ ಅರ್ಧ ಏರ್ತಾ ಬಂತು. ಯಂತ್ರದಲ್ಲಿ ತಪ್ಪಿಲ್ಲ. ತಿರುಪು ತಿರುಗಿಸಿದ್ದು ನಾನು."

ಜೋಡಿಮೂಟೆ ತನ್ನ ಚಪ್ಪಲಿ ನೋಡಿಕೊಂಡ. ನರ್ಸ್ "ಸರಿ" ಎಂದು ಬರೆದುಕೊಂಡು ಒಳಗೆ ಹೋದಳು.

ಡಾಕ್ಟರು ಬಂದರು. ಎದೆಯ ಮೇಲೆ, ಬೆನ್ನ ಮೇಲೆ ಕೊಳವೆ ಇಟ್ಟು ಕೇಳಿದರು. "ಬುಡದಲ್ಲಿ ನೀರಿದೆ. ಇನ್ನೂ ಮೇಲಕ್ಕೆ ಬಂದಿಲ್ಲ. ಇವತ್ತು ಬಂದಿದ್ದು ಒಳ್ಳೇದಾಯ್ತು," ಎಂದರು. ಬೈಯಲಿಲ್ಲ. ಕೈಯ ನರಕ್ಕೆ ಸೂಜಿ ಚುಚ್ಚಿ ಔಷಧಿ ಕೊಟ್ಟರು. ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದರು. ಮಂಚ ಖಾಲಿ ಇದ್ದದ್ದು ಒಂದೇ, ಕಿಟಕಿಯ ಪಕ್ಕದ್ದು.

"ಅದೇ ಮಂಚ," ಎಂದ ತೂಕಪ್ಪ.

"ಹೂಂ. ಬೆಡ್‌ಶೀಟ್ ಬೇರೆ."

ಮಧ್ಯಾಹ್ನದ ಹೊತ್ತಿಗೆ ಅವನು ಐದು ಸಲ ಮೂತ್ರಕ್ಕೆ ಹೋಗಿದ್ದ. ಪ್ರತಿ ಸಲವೂ ಅಳತೆಯ ಡಬ್ಬಿಯಲ್ಲಿ ಎಷ್ಟಾಯಿತು ಎಂದು ನೋಡಿ, ಮಂಚಕ್ಕೆ ನೇತುಹಾಕಿದ ಹಾಳೆಯಲ್ಲಿ ಅವಳು ಬರೆದಳು. ಐದನೆಯ ಸಲ ಅವನು ಮಲಗಿದಲ್ಲಿಂದಲೇ "ಮುನ್ನೂರೈವತ್ತು ಇರಬೇಕು," ಎಂದ. ನೋಡಿದರೆ ಮುನ್ನೂರೈವತ್ತೇ ಇತ್ತು. ಮೂರು ದಿಂಬಿನಲ್ಲಿ ಒಂದನ್ನು ತಾನೇ ಎಳೆದು ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದ.

ಅವಳು ಸ್ಟೂಲನ್ನು ಮಂಚದ ಕಾಲಿನ ಕಡೆ ಎಳೆದುಕೊಂಡಳು. ಹೊದಿಕೆ ಸರಿಸಿ, ಅವನ ಮೊಣಕಾಲ ಕೆಳಗೆ, ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಗುಳಿ ಬಿತ್ತು. ಎಣಿಸತೊಡಗಿದಳು. ಬೆಳಿಗ್ಗೆ ಲಾರಿಗೆ ಕಾಯುವಾಗ ಹೀಗೇ ಒತ್ತಿ ನೋಡಿದ್ದಳು. ತುಂಬಲು ನಲವತ್ತೊಂದು ಎಣಿಸಬೇಕಾಗಿತ್ತು. ಈಗ ಮೂವತ್ತನಾಲ್ಕಕ್ಕೆ ತುಂಬಿತು.

ಪುಸ್ತಕ ತೆಗೆದು ಅದನ್ನೂ ಬರೆದಳು. ಆಮೇಲೆ ಇನ್ನೊಂದು ಕಾಲಿನ ಹೊದಿಕೆ ಸರಿಸಿದಳು.