ತೊಳೆದಿಟ್ಟ ತೊಟ್ಟಿ

ಹಬ್ಬಕ್ಕೆ ಚೌಳಹಿರಿಯೂರಿಗೆ ಹೋಗಿದ್ದ ತೀರ್ಥೇಶ, ಆಯುಧಪೂಜೆಯ ಮಾರನೇ ದಿನ ಪಂಚನಹಳ್ಳಿಯ ಎಣ್ಣೆ ಮಿಲ್ಲಿಗೆ ಬಂದು ನೋಡಿದರೆ, ಅವನು ನೋಡಿಕೊಳ್ಳುವ ಕೊಳಕುನೀರಿನ ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಅರಿಶಿನ, ಕುಂಕುಮ, ಚೆಂಡುಹೂವಿನ ಹಾರ. ಮೂಗಿಗೆ ಬ್ಲೀಚಿಂಗ್ ಪೌಡರಿನ ವಾಸನೆ ಹೊಡೆಯಿತು.

"ಯಾವನೋ ತೊಳೆದಿದ್ದು?"

"ನಾನೇ ಕಣಣ್ಣ," ಅಂದ ಬಾಯ್ಲರ್ ಕೆಲಸದ ಮೋಹನ. "ಮಿಷನ್ನೆಲ್ಲಾ ತೊಳ್ದು, ಅದೊಂದನ್ನ ಗಲೀಜಾಗೇ ಬಿಡ್ಲಾ?"

"ಲೇ, ಅದು ಗಲೀಜಲ್ಲ ಕಣೋ, ನಮ್ಮ ಕೆಲಸದೋರು."

ಎಣ್ಣೆ ತೊಳೆದ ಉಪ್ಪುನೀರಿನ ಜಿಡ್ಡು ತಿನ್ನುವ ಸೂಕ್ಷ್ಮಜೀವಿಗಳು ತಳದ ಕೆಸರಿನಲ್ಲಿದ್ದವು. ಬೇರೆಯವು ಆ ಉಪ್ಪಿಗೆ ಸತ್ತೇಹೋಗುತ್ತವೆ. ಇವಕ್ಕೆ ತೀರ್ಥೇಶ ಬೇಸಿಗೆಯಿಡೀ ಚೂರುಚೂರೇ ಉಪ್ಪು ರೂಢಿ ಮಾಡಿಸಿದ್ದ. ಇವಿಲ್ಲದಿದ್ದರೆ ನೀರು ನಾರುತ್ತದೆ. ಇನ್ನೊಂದ್ಸಲ ನಾತ ಬಂದರೆ ಮಿಲ್ಲಿಗೆ ಬೀಗ ಹಾಕಿಸ್ತೀನಿ ಅಂತ ಪಕ್ಕದ ತೋಟದ ಕರಿಸಿದ್ದಪ್ಪ ಹೇಳಿಯಾಗಿತ್ತು.

"ಕೆಸರನ್ನ ಏನ್ ಮಾಡ್ದೆ?"

ಮೋಹನ ತಲೆ ಕೆರೆದುಕೊಂಡ. "ಟ್ರ್ಯಾಕ್ಟರಿಗೆ ತುಂಬಿ ದೂರ ಸುರಿ ಅಂದಿದ್ರು ಸಾಹುಕಾರ್ರು. ಯಾರು ತುಂಬ್ತಾರೆ? ಪೌಡರ್ ಹಾಕೋಕೆ ಮೊದ್ಲೇ ಬಾಚಿ ಗೋಡೆ ಹಿಂದಿನ ಗುಂಡಿಗೆ ತಳ್ಬಿಟ್ಟೆ."

ತೀರ್ಥೇಶ ಓಡಿದ. ಗುಂಡಿಯ ಕೆಸರು ಮೇಲೆ ಬಿರುಕು ಬಿಟ್ಟಿತ್ತು. ಕೈಯಲ್ಲಿ ಬಗೆದರೆ ಒಳಗಿನ್ನೂ ಹಸಿ. ಕೊಳೆತ ನಾತವಿಲ್ಲ, ನೆಂದ ಮಣ್ಣಿನ ವಾಸನೆ. ಡ್ರಮ್ಮಿಗೆ ತುಂಬಿ, ಮಿಲ್ಲಿನ ಉಪ್ಪುನೀರು ಬಿಟ್ಟು, ಗಾಳಿ ಪಂಪು ಹಚ್ಚಿದ. ಮಾರನೇ ಸಂಜೆ ನೋಡಿದರೆ ನೀರಿನ ಮೇಲಿದ್ದ ಎಣ್ಣೆಪೊರೆ ಹರಿದು ಚೂರಾಗಿತ್ತು. ಜೀವಿಗಳು ಬದುಕಿದ್ದವು, ಜಿಡ್ಡು ತಿನ್ನತೊಡಗಿದ್ದವು.

ತೀರ್ಥೇಶ ಉಸ್ಸಪ್ಪಾ ಅಂತ ಅಲ್ಲೇ ಕೂತ. "ನಿನ್ನ ಸೋಮಾರಿತನ ನೂರ್ಕಾಲ ಬಾಳ್ಲಿ ಕಣೋ."

ಮೋಹನ ತೊಟ್ಟಿಯ ಹಾರ ಬಿಚ್ಚಿ ತಂದು ಡ್ರಮ್ಮಿಗೆ ಸುತ್ತಿದ. "ಕುಂಕುಮ ಇಡ್ಲಾ?"

"ಇಡು. ತೊಳೀಬೇಡ."