ಉರುಳಿಸಿ ನೋಡುವ ಪಾಠ

ಚಂತಲಾ ಟೀಚರ್‌ಗೆ ಒಂದು ಹಟವಿತ್ತು. ಆಕಾರಗಳನ್ನು ಬೋರ್ಡಿನ ಮೇಲೆ ಬರೆದರೆ ಸಾಲದು, ಮಕ್ಕಳ ಕೈಗೇ ಕೊಡಬೇಕು. ಲಾವೋಸಿನ ಆ ಗುಡ್ಡದೂರಿನ ಎರಡನೇ ಕ್ಲಾಸಿಗೆ ಮರದ ಗೋಳ, ಘನ ಯಾವ ಪುಣ್ಯಾತ್ಮ ಕಳಿಸುತ್ತಾನೆ? "ಮನೆಯಿಂದಲೇ ತನ್ನಿ" ಅಂದಳು.

ಮಕ್ಕಳು ತಂದರು. ಅನ್ನದ ಬಿದಿರು ಬುಟ್ಟಿ ಬಂತು. ಈರುಳ್ಳಿ ಸೊಪ್ಪು ಬೆಳೆಸುವ ಹಳೇ ಬಾಂಬಿನ ಖಾಲಿ ಕೊಳವೆಯೂ ಬಂತು. ಆಕಾಶದಿಂದ ಬಾಂಬು ಸುರಿದ ಯುದ್ಧ ಕಂಡ ಅಜ್ಜಂದಿರು ಸತ್ತುಹೋದರೂ ಆ ಸುಡುಗಾಡು ಕಬ್ಬಿಣಕ್ಕೆ ಮಾತ್ರ ಊರಲ್ಲಿ ಬರವಿಲ್ಲ. ಶಾಲೆಯ ಗಂಟೆಯೇ ಒಂದು ಬಾಂಬಿನ ಓಡು. ಟೀಚರ್ ಅಲ್ಲೇ ಹುಟ್ಟಿ ಬೆಳೆದವಳು, ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಕೊಳವೆ ತಂದವಳ ಅಂಗೈಗೆ ಪೆನ್ನಿನಲ್ಲಿ ನಕ್ಷತ್ರ ಬರೆದಳು.

ಆಮೇಲೆ ಹಲಗೆಯೊಂದನ್ನು ಓರೆಯಾಗಿಟ್ಟು ಪರೀಕ್ಷೆ. "ಮಲಗಿಸಿದ್ರೆ ಉರುಳತ್ತೆ, ನಿಲ್ಲಿಸಿದ್ರೆ ನಿಲ್ಲತ್ತೆ, ಅದು ಕೊಳವೆ. ಹೇಗಿಟ್ರೂ ಉರುಳಿದ್ರೆ ಗೋಳ. ಅನುಮಾನ ಬಂದ್ರೆ?"

"ಉರುಳಿಸಿ ನೋಡು!" ಎಂದು ಮಕ್ಕಳು ಸೂರು ಹಾರುವಂತೆ ಕೂಗಿದರು.

ಗೋಳದ ದಿನ ಕೇವ್ಮಣಿ ತಡವಾಗಿ ಬಂದಳು. ಅಲ್ಲಿಯವರೆಗೆ ಒಂದು ನಕ್ಷತ್ರವನ್ನೂ ಪಡೆಯದವಳು ಅವಳೊಬ್ಬಳೇ.

"ಏನೇ ಕೇವ್, ನಿಮ್ಮನೇಲಿ ಗುಂಡಗಿರೋದು ನಿನ್ ತಂಗಿ ಕೆನ್ನೆ ಒಂದೇ ಅಂದ್ಕೊಂಡಿದ್ದೆ!" ಎಂದು ಟೀಚರ್ ರೇಗಿಸಿದಳು.

"ಅಪ್ಪ ಎಸೆದಾಡೋ ಪೆಟಾಂಕ್ ಆಟದ ಕಬ್ಬಿಣದ ಗುಂಡು ಟೀಚರ್. ಆಡ್ತಾ ಆಡ್ತಾ ಕಳ್ಕೊಂಡಿದ್ರಲ್ಲ, ಗದ್ದೆ ಬದು ಮೇಲೆ ಸಿಕ್ತು."

ಹುಡುಗಿ ಲಂಗದ ಮಡಿಲಿಂದ ಮಣ್ಣು ಮೆತ್ತಿದ ಗುಂಡನ್ನು ತೆಗೆದು ಹಲಗೆಯ ಮೇಲ್ತುದಿಯಲ್ಲಿಟ್ಟು ಹಿಡಿದುಕೊಂಡಳು. ಮಣ್ಣು ಸ್ವಲ್ಪ ಉದುರಿತು. ಒಳಗೆ ಉಬ್ಬಿದ ಅಂಚು ಕಂಡಿತು. ಪೆಟಾಂಕ್ ಗುಂಡಿಗೆ ಅಂಥ ಅಂಚಿರುವುದಿಲ್ಲ. ಸಿಡಿಯದೆ ಮಣ್ಣಲ್ಲಿ ಉಳಿದ ಬೊಂಬಿಗೆ, ಚೆಂಡಿನಷ್ಟೇ ಇರುವ ಆ ಪುಟ್ಟ ಬಾಂಬಿಗೆ, ಇರುತ್ತದೆ. ಗೋಡೆಯ ಎಚ್ಚರಿಕೆ ಚಿತ್ರದಲ್ಲಿ ಅದೇ ಬೊಂಬಿ ಹೊಸದಾಗಿ, ಹಳದಿಯಾಗಿ ಹೊಳೆಯುತ್ತಿತ್ತು.

ಟೀಚರ್ ಸದ್ದಾಗದಂತೆ ಹಲಗೆಯ ಹತ್ತಿರ ಬಂದಳು. "ಕೇವ್, ಕೈ ಬಿಡಬೇಡ."

"ಉರುಳಿಸಿ ನೋಡೋದು ಬೇಡ್ವಾ ಟೀಚರ್?"

"ಬೇಡ ಮಗಳೇ. ಅದು ಗೋಳಾನೇ. ನಾನು ನಂಬ್ತೀನಿ."

ಉಳಿದ ಮಕ್ಕಳನ್ನು ಮೆಲ್ಲನೆ ಹೊರಗೆ ಕಳಿಸಿದಳು. ಹುಡುಗಿಯ ಬೆರಳುಗಳ ಅಡಿಗೆ ತನ್ನ ಅಂಗೈ ತೂರಿಸಿ, "ಈಗ ನೇರ ಬಾಗಿಲಿಗೆ ನಡಿ, ಓಡಬೇಡ" ಅಂದಳು. ಬೊಂಬಿಯನ್ನು ಮಡಿಸಿದ ಶಾಲಿನ ಮೇಲೆ ನೆಲಕ್ಕಿಟ್ಟು ಹೊರಗೆ ಬಂದಳು. ಕೇವ್ಮಣಿಯನ್ನು ತಬ್ಬಿಕೊಂಡು ಬೈದಳು, ಅತ್ತಳು.

"ನಂಗೆ ನಕ್ಷತ್ರ ಇಲ್ವಾ ಟೀಚರ್?"

ಬದುಕಿದೆಯಲ್ಲ ಕೂಸೇ, ತಗೋ ಎಂದುಕೊಂಡು, ಅವಳ ಅಂಗೈಗೆ ನಕ್ಷತ್ರ ಬರೆದಳು. ಹುಡುಗಿಯ ಮುಖ ಅರಳಿತು.

"ಎರಡು ಸಿಕ್ಕಿತ್ತು ಟೀಚರ್. ತಂಗಿ ತುಯ್ ತನಗೂ ಬೇಕು ಅಂತ ಅತ್ಲು. ಒಂದು ಅವಳಿಗೆ ಕೊಟ್ಬಂದೆ. ಗೋಳ ಹೌದೋ ಅಲ್ವೋ ಹೇಗೆ ನೋಡೋದು ಅಂತಾನೂ ಹೇಳ್ಕೊಟ್ಟೆ."

ತುಯ್ ಇನ್ನೂ ಶಾಲೆಗೆ ಸೇರದ ಕೂಸು. ಅವರದ್ದು ಎತ್ತರದ ಕಂಬಗಳ ಮೇಲೆ ಕಟ್ಟಿದ ಮನೆ, ಕಡಿದಾದ ಏಣಿ ಮೆಟ್ಟಿಲು.

ಟೀಚರ್ ಚಪ್ಪಲಿ ಬಿಟ್ಟು ಓಡಿದಳು. ಗದ್ದೆಯ ಬದು ಹತ್ತುವಷ್ಟರಲ್ಲಿ ಸದ್ದು ಬಂತು.

ಆ ಊರಲ್ಲಿ ಆ ಸದ್ದು ಕೇಳಿದರೆ ಏನದು ಅಂತ ಯಾರೂ ಕೇಳುವುದಿಲ್ಲ. ಯಾರ ಮನೆಯದು ಅಂತ ಕೇಳುತ್ತಾರೆ. ಶಾಲೆಯ ಅಂಗಳದಲ್ಲಿ ಮಕ್ಕಳೂ ಒಬ್ಬರನ್ನೊಬ್ಬರು ಅದನ್ನೇ ಕೇಳಿದರು. ಕೇವ್ಮಣಿ ಮಾತ್ರ ಕೇಳಲಿಲ್ಲ. ನಕ್ಷತ್ರವಿದ್ದ ಅಂಗೈಯನ್ನು ಲಂಗಕ್ಕೆ ಉಜ್ಜುತ್ತಾ ನಿಂತಿದ್ದಳು.